ಫೋರ್‌ವೀಲ್ ಡ್ರೈವ್ ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ದೊಡ್ಡ ಆಯಿಲ್ ಕೂಲರ್ ಹಾಕಿಸಿದರೆ ಸಾಕೇ?

ಹೆದ್ದಾರಿಯಲ್ಲಿ 85 ಡಿಗ್ರಿಯ ಆಸುಪಾಸಿನಲ್ಲಿರುವ ನಿಮ್ಮ ಗಾಡಿಯ ಗೇರ್‌ಬಾಕ್ಸ್ ಆಯಿಲ್ ಮರಳಿನಲ್ಲಿ ಅರ್ಧ ಗಂಟೆ ಓಡಿಸುವಷ್ಟರಲ್ಲಿ 125 ಡಿಗ್ರಿ ಮುಟ್ಟುತ್ತದೆ, ಗ್ರಿಲ್‌ನ ಹಿಂದೆ ಹಿಡಿಸುವ ಅತಿ ದೊಡ್ಡ ಕೂಲರ್ ತಂದು ಕೂರಿಸಿದರೆ ಸಾಕೇ ಎಂದು ಕೇಳಿದ್ದೀರಿ. ಇಂಥ ಕೂಲರ್‌ಗಳ ವಿನ್ಯಾಸವೇ ನನ್ನ ಕೆಲಸ. ಅಷ್ಟೇ ಸಾಲದು ಎಂಬುದು ನನ್ನ ಉತ್ತರ. ಆಯ್ಕೆ ತಪ್ಪಿದರೆ ದೊಡ್ಡ ಕೂಲರ್ ಗೇರ್‌ಬಾಕ್ಸನ್ನು ಉಳಿಸುವ ಬದಲು ಸವೆಸಲೂಬಹುದು. ಏಕೆಂದರೆ ಬಹುತೇಕ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಲ್ಲಿ ಕೂಲರ್‌ನಿಂದ ಮರಳುವ ಆಯಿಲ್ ನೇರವಾಗಿ ಕೆಳಗಿನ ಪ್ಯಾನಿಗೆ ಬೀಳುವುದಿಲ್ಲ. ಅದು ಮೊದಲು ಬುಷ್, ಬೇರಿಂಗ್ ಮತ್ತು ಪ್ಲಾನೆಟರಿ ಗೇರುಗಳಿಗೆ ಹೋಗುತ್ತದೆ. ಅವುಗಳ ಪಾಲಿಗೆ ಅದೇ ಕೀಲೆಣ್ಣೆ. ಆದ್ದರಿಂದ ಕೂಲರ್ ಎಷ್ಟು ದೊಡ್ಡದಿರಬೇಕು ಎಂಬುದಕ್ಕಿಂತ ಮೊದಲು, ಅದು ಆ ಹರಿವನ್ನು ಎಷ್ಟು ತಡೆಯುತ್ತದೆ ಎಂಬುದನ್ನು ನೋಡಬೇಕು.

ಶಾಖ ಎಲ್ಲಿ ಹುಟ್ಟುತ್ತದೆ ಎಂಬುದರಿಂದ ಆರಂಭಿಸೋಣ. ಅದರ ಬಹುಪಾಲು ಹುಟ್ಟುವುದು ಟಾರ್ಕ್ ಕನ್ವರ್ಟರಿನಲ್ಲಿ, ಎಂದರೆ ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗದಲ್ಲಿ. ಹೆದ್ದಾರಿಯಲ್ಲಿ ಅದರ ಎರಡು ಬದಿಗಳನ್ನು ನೇರವಾಗಿ ಜೋಡಿಸುವ ಲಾಕಪ್ ಕ್ಲಚ್ ಕಚ್ಚಿಕೊಂಡಿರುವಾಗ ಒಳಗೆ ಜಾರಾಟವೇ ಇರುವುದಿಲ್ಲ, ಹೀಗಾಗಿ ಆಯಿಲ್ ತಣ್ಣಗಿರುತ್ತದೆ. ಮರಳಿನಲ್ಲಿ, ಕಡಿದಾದ ಏರಿನಲ್ಲಿ ಅಥವಾ ಟ್ರೇಲರ್ ಎಳೆಯುವಾಗ ಲಾಕಪ್ ಬಿಟ್ಟುಕೊಳ್ಳುತ್ತದೆ; ಎಂಜಿನ್ ಕೊಟ್ಟ ಶಕ್ತಿಯ ಒಂದು ಪಾಲು ಚಕ್ರಕ್ಕೆ ತಲುಪದೆ ಆಯಿಲ್‌ನಲ್ಲೇ ಶಾಖವಾಗಿ ಉಳಿಯುತ್ತದೆ. ಕನ್ವರ್ಟರಿಗೆ 30 ಕಿಲೋವ್ಯಾಟ್ ಹೋಗುತ್ತಿದ್ದು, ಅದರ ದಕ್ಷತೆ ಶೇ 80 ಇದೆ ಎಂದುಕೊಂಡರೆ, 6 ಕಿಲೋವ್ಯಾಟ್ ಶಾಖವನ್ನು ಎಡೆಬಿಡದೆ ಹೊರಹಾಕಬೇಕಾಗುತ್ತದೆ. ಗಾಡಿ ಹೂತುಹೋಗಿ ಅಲುಗಾಡದೆ ನಿಂತಾಗ ಆಕ್ಸಿಲರೇಟರ್ ಒತ್ತಿದರಂತೂ ಕನ್ವರ್ಟರಿಗೆ ಹೋದದ್ದೆಲ್ಲವೂ ಶಾಖವೇ. ಆ ಸ್ಥಿತಿಯನ್ನು ಯಾವ ಕೂಲರ್ ಕೂಡ ಹೆಚ್ಚು ಹೊತ್ತು ತಡೆದುಕೊಳ್ಳಲಾರದು. ಹಣ ಖರ್ಚು ಮಾಡುವ ಮುನ್ನ ಲೋ ರೇಂಜ್ (ನಿಧಾನವಾಗಿ, ಹೆಚ್ಚು ಎಳೆತದಿಂದ ಓಡಿಸುವ ಗೇರು) ಬಳಸಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ. ಲೋ ರೇಂಜಿನಲ್ಲಿ ಚಕ್ರಕ್ಕೆ ಬೇಕಾದ ಎಳೆತವನ್ನು, ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರುಗಳೇ ಹೆಚ್ಚಿಸಿಕೊಡುವುದರಿಂದ ಕನ್ವರ್ಟರಿನೊಳಗಿನ ಜಾರಾಟ ಕಡಿಮೆಯಾಗುತ್ತದೆ, ಅದರೊಂದಿಗೆ ತಾಪವೂ ಇಳಿಯುತ್ತದೆ.

ಈಗ ಆ 6 ಕಿಲೋವ್ಯಾಟ್ ಶಾಖವನ್ನೇ ಹಿಡಿದು ಲೆಕ್ಕ ಮಾಡೋಣ. ಕೂಲರ್ ಮೂಲಕ ನಿಮಿಷಕ್ಕೆ 8 ಲೀಟರ್ ಆಯಿಲ್ ಹರಿಯುತ್ತಿದ್ದರೆ, ಅಷ್ಟು ಶಾಖ ಬಿಡಲು ಅದು ಸುಮಾರು 27 ಡಿಗ್ರಿ ತಣಿದು ಹೊರಬಂದರೆ ಸಾಕು. 120 ಡಿಗ್ರಿಯಲ್ಲಿ ಹೊಕ್ಕದ್ದು 93ರಲ್ಲಿ ಮರಳುತ್ತದೆ, ಇದು ಸಾಧ್ಯವಿರುವ ಮಾತು. ಸಣ್ಣ ಫಿಟ್ಟಿಂಗ್ ಅಥವಾ ಕಿರಿದಾದ ಕೊಳವೆಯ ದೆಸೆಯಿಂದ ಹರಿವು 4 ಲೀಟರಿಗೆ ಇಳಿದರೆ ಅದೇ ಆಯಿಲ್ 54 ಡಿಗ್ರಿ ತಣಿಯಬೇಕು, ಎಂದರೆ 66ಕ್ಕೆ ಇಳಿಯಬೇಕು. ಹೊರಗಿನ ಗಾಳಿಯೇ 45 ಡಿಗ್ರಿ ಇರುವಾಗ ಗ್ರಿಲ್‌ನ ಹಿಂದೆ ಕೂರುವ ಕೂಲರ್‌ನಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಇದನ್ನು ನಾನು ಕಣ್ಣಾರೆ ಕಂಡ ಸಂದರ್ಭವೊಂದಿದೆ. ನಮ್ಮ ಆರಂಭದ ಮಾದರಿಯೊಂದರಲ್ಲಿ ಹೋಸ್ ಒಳವ್ಯಾಸ 10 ಮಿಲಿಮೀಟರ್ ಇತ್ತು, ಕೂಲರ್ ಕೂಡ ಚೆನ್ನಾಗಿತ್ತು. ಆದರೆ ಜಾಗದ ಇಕ್ಕಟ್ಟಿಗಾಗಿ ಬಳಸಿದ ಎರಡು ಲಂಬಕೋನದ ಫಿಟ್ಟಿಂಗ್‌ಗಳ ಒಳರಂಧ್ರ 6 ಮಿಲಿಮೀಟರ್ ಮಾತ್ರ ಇತ್ತು. ಮರಳುವ ಹೋಸನ್ನು ಅಳತೆಯ ಪಾತ್ರೆಗೆ ಬಿಟ್ಟು, ಎಂಜಿನ್ ಐಡಲ್‌ನಲ್ಲಿರುವಾಗ 20 ಸೆಕೆಂಡು ಹಿಡಿದೆವು. ಫಿಟ್ಟಿಂಗ್ ಇಲ್ಲದಾಗ ದಪ್ಪಗೆ ಒಂದೇ ಧಾರೆಯಾಗಿ ಬರುತ್ತಿದ್ದ ಆಯಿಲ್, ಅವನ್ನು ಹಾಕಿದ ಮೇಲೆ ಸಪೂರವಾಗಿ ಬಿಟ್ಟುಬಿಟ್ಟು ಬೀಳುತ್ತಿತ್ತು. ಆ ದಿನದಿಂದ ಈ ಪರೀಕ್ಷೆ ಮಾಡದೆ ಯಾವ ವಿನ್ಯಾಸವನ್ನೂ ನಾನು ಒಪ್ಪಿಲ್ಲ. ನೀವೂ ಕೂಲರ್ ಜೋಡಿಸುವ ಮುನ್ನ ಒಮ್ಮೆ, ಜೋಡಿಸಿದ ಮೇಲೆ ಒಮ್ಮೆ ಹೀಗೆ ಅಳೆದು ನೋಡಿ. ಎರಡೂ ಸಲ ಆಯಿಲ್ ಒಂದೇ ತಾಪದಲ್ಲಿರಲಿ, ಹೊರಬಂದಷ್ಟನ್ನು ಕೂಡಲೇ ಮತ್ತೆ ತುಂಬಿ, ಬಿಸಿ ಆಯಿಲ್ ಕೈಗೆ ಸಿಡಿಯದಂತೆ ನೋಡಿಕೊಳ್ಳಿ.

ಕೂಲರ್‌ನ ಬಗೆಯ ವಿಷಯದಲ್ಲಿ ನನ್ನ ಆಯ್ಕೆ ಖಚಿತ. ಒಂದೇ ಕೊಳವೆ ಹಾವಿನಂತೆ ಸುತ್ತಿ ಬರುವ ಟ್ಯೂಬ್-ಫಿನ್ ಕೂಲರ್‌ನಲ್ಲಿ ಆಯಿಲ್ ಇಡೀ ಉದ್ದವನ್ನು ಒಂದೇ ದಾರಿಯಲ್ಲಿ ಸಾಗಬೇಕು. ಒಂದರ ಮೇಲೊಂದು ಪ್ಲೇಟ್ ಪೇರಿಸಿ ಬೆಸೆದ ಸ್ಟ್ಯಾಕ್ಡ್ ಪ್ಲೇಟ್ ಕೂಲರ್‌ನಲ್ಲಿ ಅದು ಅನೇಕ ದಾರಿಗಳಲ್ಲಿ ಹಂಚಿಹೋಗುವುದರಿಂದ ತಡೆ ಕಡಿಮೆ, ಒಳಗಿನ ಏರಿಳಿತಗಳಿಂದ ಆಯಿಲ್ ಕಲಕಿ ಶಾಖವೂ ಚೆನ್ನಾಗಿ ಬಿಡುತ್ತದೆ. ಆದರೆ ಅದಕ್ಕೊಂದು ದೋಷವೂ ಇದೆ: ಹಿಂದೊಮ್ಮೆ ಗೇರ್‌ಬಾಕ್ಸ್ ಕೆಟ್ಟಿದ್ದರೆ ಲೋಹದ ಪುಡಿ ಆ ಪ್ಲೇಟುಗಳ ಸಂದಿಯಲ್ಲಿ ಕೂತುಬಿಡುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅಂಥದ್ದನ್ನು ಬದಲಿಸುವುದೇ ಸರಿ.

ಗಾಳಿಯ ಕಡೆಯ ಲೆಕ್ಕವನ್ನು ಜನ ಮರೆಯುತ್ತಾರೆ. 6 ಕಿಲೋವ್ಯಾಟ್ ಶಾಖವನ್ನು ಹೊತ್ತೊಯ್ಯುವ ಗಾಳಿ 15 ಡಿಗ್ರಿ ಬಿಸಿಯಾಗುತ್ತದೆ ಎಂದುಕೊಂಡರೆ, ಗಂಟೆಗೆ ಸುಮಾರು 1,300 ಘನ ಮೀಟರ್ ಗಾಳಿ ಕೂಲರನ್ನು ಹಾದುಹೋಗಬೇಕು. ಮರಳಿನಲ್ಲಿ ಗಾಡಿಯ ವೇಗ ತಾನಾಗಿ ಅಷ್ಟು ಗಾಳಿ ತರುವುದಿಲ್ಲವಾದ್ದರಿಂದ ಫ್ಯಾನ್ ಬೇಕೇ ಬೇಕು. ಮತ್ತು ಫ್ಯಾನಿನ ಡಬ್ಬದ ಮೇಲಿರುವ ಸಂಖ್ಯೆ ಸಾಮಾನ್ಯವಾಗಿ ಎದುರಿಗೆ ಯಾವ ತಡೆಯೂ ಇಲ್ಲದಾಗಿನದು ಎಂಬುದು ನೆನಪಿರಲಿ. ಎಸಿ ಕಂಡೆನ್ಸರಿನ ಮುಂದೆ ಕೂಲರ್ ಇಟ್ಟರೆ ಅದಕ್ಕೆ ತಾಜಾ ಗಾಳಿ ಸಿಗುತ್ತದೆ, ಆದರೆ ಅದು ಬಿಟ್ಟ ಬಿಸಿ ಹಿಂದಿರುವ ರೇಡಿಯೇಟರಿಗೆ ಹೋಗುತ್ತದೆ. ಹೀಗೆ ದೊಡ್ಡ ಕೂಲರಿನಿಂದ ಎಂಜಿನ್ ಬಿಸಿಯಾದ ಉದಾಹರಣೆಗಳಿವೆ. ಕೆಸರಿನಲ್ಲಿ ಓಡುವ ಗಾಡಿಗೆ, ಗಾಳಿಗೆ ಶಾಖ ಬಿಡುವ ತೆಳು ತಗಡುಗಳಾದ ಒತ್ತೊತ್ತಾದ ಫಿನ್‌ಗಳಿಗಿಂತ ಸ್ವಲ್ಪ ವಿರಳವಾದವೇ ಮೇಲು. ಒಣಗಿದ ಕೆಸರು ಮತ್ತು ಹುಲ್ಲಿನ ಬೀಜ ಕಟ್ಟಿಕೊಂಡ ಕೂಲರಿಗೆ ಹಿಂದಿನಿಂದ ದೀಪ ಹಿಡಿದರೆ ಬೆಳಕು ಅಲ್ಲಲ್ಲಿ ಚುಕ್ಕಿಯಾಗಿ ಕಾಣುತ್ತದೆ. ಗಾಳಿಗೆ ಉಳಿದಿರುವ ದಾರಿಯೂ ಅಷ್ಟೇ. ನೀರು ದಾಟುವ ಮುನ್ನ ಫ್ಯಾನ್ ನಿಲ್ಲಿಸಲು ಪ್ರತ್ಯೇಕ ಸ್ವಿಚ್ ಇರಲಿ, ಇಲ್ಲವಾದರೆ ನೀರಿನ ಒತ್ತಡಕ್ಕೆ ಫ್ಯಾನಿನ ರೆಕ್ಕೆ ಬಾಗಿ ಕೂಲರನ್ನೇ ಕೊರೆಯಬಹುದು.

ರೇಡಿಯೇಟರಿನೊಳಗಿರುವ ಮೂಲ ಕೂಲರನ್ನು ಕಿತ್ತುಹಾಕಬೇಕೇ ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಅದು ತಣ್ಣನೆಯ ಮುಂಜಾನೆಯಲ್ಲಿ ಆಯಿಲನ್ನು ಬೇಗ ಬೆಚ್ಚಗೆ ಮಾಡುತ್ತದೆ. ಆದರೆ ಒಳಗೆ ಸೋರಿದರೆ ಕೂಲಂಟ್ ಆಯಿಲ್ ಜೊತೆ ಬೆರೆತು ಗುಲಾಬಿ ಬಣ್ಣದ ಮಜ್ಜಿಗೆಯಂತಾಗಿ ಕ್ಲಚ್‌ಗಳನ್ನು ಹಾಳುಮಾಡುತ್ತದೆ. ರೇಡಿಯೇಟರ್ ಹಳೆಯದಾಗಿದ್ದರೆ ನಾನು ಅದನ್ನು ಬಿಟ್ಟು ಹೊರಗಿನ ಕೂಲರನ್ನು ಥರ್ಮೋಸ್ಟಾಟ್ (ಆಯಿಲ್ ಬಿಸಿಯಾಗುವ ತನಕ ಅದನ್ನು ಕೂಲರ್ ಕಡೆಗೆ ಹೆಚ್ಚು ಬಿಡದ ಕವಾಟ) ಸಮೇತ ಹಾಕುತ್ತೇನೆ. ಹೊಸದಾಗಿದ್ದರೆ ಮೊದಲು ರೇಡಿಯೇಟರ್, ಆಮೇಲೆ ಹೊರಗಿನ ಕೂಲರ್ ಎಂಬ ಸರದಿಯೇ ಇರಲಿ. ಥರ್ಮೋಸ್ಟಾಟ್ ಬೇಡ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ: ಆಯಿಲ್ ಸಾಕಷ್ಟು ಬಿಸಿಯಾಗದೆ ಅನೇಕ ಗಾಡಿಗಳ ಕಂಪ್ಯೂಟರ್ ಲಾಕಪ್‌ಗೆ ಅನುಮತಿ ಕೊಡುವುದಿಲ್ಲ, ತಣ್ಣಗಿನ ದಪ್ಪ ಆಯಿಲ್ ಕೂಲರ್‌ನಲ್ಲಿ ಸರಿಯಾಗಿ ಹರಿಯುವುದೂ ಇಲ್ಲ.

ಹೋಸ್‌ಗಳು ಗೇರ್‌ಬಾಕ್ಸ್ ಆಯಿಲ್‌ಗೆಂದೇ ಇರುವ ಎಸ್‌ಎಇ ಜೆ1532 ದರ್ಜೆಯವಾಗಿರಲಿ. ಏಣಿಯಾಕಾರದ ಚಾಸಿಯ ಮೇಲೆ ಬಾಡಿ ಕೂತಿರುವ ಗಾಡಿಗಳಲ್ಲಿ ಎರಡೂ ಬೇರೆಬೇರೆಯಾಗಿ ಅಲುಗುವುದರಿಂದ ಹೋಸಿಗೆ ಸ್ವಲ್ಪ ಸಡಿಲ ಬಿಡಬೇಕು, ಕೂಲರನ್ನು ರಬ್ಬರ್ ಬುಷ್ ಮೇಲೆ ಕೂರಿಸಬೇಕು. ಫಿನ್‌ಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ರೇಡಿಯೇಟರಿಗೆ ಬಿಗಿಯುವ ಪದ್ಧತಿ ದಯವಿಟ್ಟು ಬೇಡ. ಉಜ್ಜಿ ಉಜ್ಜಿ ಎರಡೂ ತೂತಾಗುತ್ತವೆ.

ನಿಮ್ಮ 125 ಡಿಗ್ರಿ ಪ್ಯಾನಿನ ಸೆನ್ಸರ್ ತೋರಿಸಿದ್ದಾಗಿದ್ದರೆ, ಕನ್ವರ್ಟರಿನಿಂದ ಹೊರಬರುವ ಆಯಿಲ್ ಅದಕ್ಕಿಂತ ಬಹಳ ಬಿಸಿಯಿರುತ್ತದೆ. ಆದ್ದರಿಂದ ಕೂಲರಿಗೆ ಹೋಗುವ ಕೊಳವೆಯಲ್ಲೊಂದು, ಮರಳುವ ಕೊಳವೆಯಲ್ಲೊಂದು ಸೆನ್ಸರ್ ಹಾಕಿ ಅದೇ ಮರಳಿನಲ್ಲಿ ಅದೇ ಅರ್ಧ ಗಂಟೆ ಮೊದಲು ಹೈ ರೇಂಜಿನಲ್ಲಿ, ಆಮೇಲೆ ಲೋ ರೇಂಜಿನಲ್ಲಿ ಓಡಿಸಿ ನೋಡಿ. ಆ ಎರಡು ತಾಪಗಳು ಮತ್ತು ನಿಮಿಷಕ್ಕೆ ಹರಿಯುವ ಲೀಟರ್ ಸಿಕ್ಕರೆ ಕೂಲರಿನ ಅಳತೆಯನ್ನು ಇಲ್ಲೇ ಲೆಕ್ಕ ಹಾಕಿ ಹೇಳುತ್ತೇನೆ.