ಹಳದಿ ಹರಳು ಮನೆಗೆ ಆಗಿಬರುವುದಿಲ್ಲವೇ?

ಸೇಡಂನ ಓದುಗ ಸಹೋದರಿಯೊಬ್ಬರ ಪತ್ರ: ಅತ್ತೆಯವರಿಂದ ಬಂದ ಏಳು ಹರಳಿನ ವಜ್ರದ ಬೆಂಡೋಲೆ ಮಂಕಾಗಿದೆ, ಹರಳು ತುಸು ಹಳದಿ. ಮಗಳ ಮದುವೆಗೆ ಕೊಡೋಣವೆಂದರೆ ಅಂಗಡಿಯವರು, ‘ಹಳದಿ ವಜ್ರ ಮನಿಗಿ ಆಗಿಬರಂಗಿಲ್ಲ, ಇದನ್ನ ಹಾಕಿ ಹೊಸಾದು ತಗೋರಿ’ ಅಂದರಂತೆ. ಮನೆಯಲ್ಲೇ ತೊಳೆಯಬಹುದೇ ಎಂದೂ ಕೇಳಿದ್ದಾರೆ.

ಸಂಪಾದಕರ ಉತ್ತರ:

ಅಕ್ಕಾವರೇ, ಮೊದಲು ಓಲೆಯನ್ನು ಮಗುಚಿ ನೋಡಿ. ಹರಳಿನ ಹಿಂಬದಿ ಬಂಗಾರದಿಂದ ಮುಚ್ಚಿದ್ದರೆ ನೀರಿಗೆ ಹಾಕಲೇಬೇಡಿ. ಹಳೇ ಕಾಲದ ಮುಚ್ಚಿದ ಕಟ್ಟಿನಲ್ಲಿ ಹೊಳಪಿಗೆಂದು ಹರಳಿನಡಿ ಬೇಗಡೆ ಇಟ್ಟಿರುವುದುಂಟು. ನೀರಿಳಿದರೆ ಬೇಗಡೆ ಕಪ್ಪಾಗಿ ಹರಳಿನ ಕಳೆಯೇ ಹೋಗುತ್ತದೆ. ಅಂಥದ್ದನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಿಂಬದಿ ತೆರೆದಿದ್ದರೆ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಬಿಟ್ಟು ಅರ್ಧ ತಾಸು ನೆನೆಸಿ, ಮಕ್ಕಳ ಬ್ರಷ್‌ನಿಂದ ಹಿಂಭಾಗವನ್ನು ತಿಕ್ಕಿ. ಕೊಳೆ ಕೂತಿರುವುದು ಅಲ್ಲೇ. ವಜ್ರಕ್ಕೆ ನೀರು ಹತ್ತದು, ಜಿಡ್ಡು ಬೇಗ ಹತ್ತುತ್ತದೆ. ಗಣಿಗಳಲ್ಲಿ ಗ್ರೀಸ್ ಬಳಿದ ಮೇಜಿನ ಮೇಲೆ ನೀರಿನೊಡನೆ ಕಲ್ಲು ಹರಿಸಿ ವಜ್ರ ಹಿಡಿಯುತ್ತಿದ್ದುದೂ ಈ ಗುಣದಿಂದಲೇ. ಕೊಬ್ಬರಿ ಎಣ್ಣೆ, ಪೌಡರು ತಾಗುವ ಕಿವಿಯಲ್ಲಿ ಮಂಕಾಗದೆ ಇನ್ನೇನಾದೀತು! ಟೂತ್‌ಪೇಸ್ಟ್ ಬೇಡ. ಹರಳಿಗೇನೂ ಆಗದು, ಬಂಗಾರಕ್ಕೆ ಗೀರು ಬೀಳುತ್ತದೆ.

ತೊಳೆದ ಮೇಲೂ ಹಳದಿ ಉಳಿದರೆ ಅದು ಹರಳಿನದೇ ಬಣ್ಣ. ವಜ್ರವೆಂದರೆ ಇಂಗಾಲ, ಅದರೊಳಗೆ ಸಾರಜನಕ ಸೇರಿದರೆ ಹಳದಿ, ಬೋರಾನ್ ಸೇರಿದರೆ ನೀಲಿ. ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿರುವ 45.52 ಕ್ಯಾರಟ್‌ನ ನೀಲಿ ಹೋಪ್ ವಜ್ರ ಕೊಲ್ಲೂರು ಗಣಿಯದು ಎನ್ನುತ್ತಾರೆ. ಮೂಕಾಂಬಿಕೆಯ ಕೊಲ್ಲೂರಲ್ಲ, ನಮ್ಮ ಯಾದಗಿರಿ ಜಿಲ್ಲೆ ದಾಟಿ ಹೋದ ಕೃಷ್ಣೆಯ ದಂಡೆಯ ಆಂಧ್ರದ ಕೊಲ್ಲೂರು. ತುಸು ಹಳದಿಯಿದ್ದರೆ ಮಾರುಕಟ್ಟೆಯಲ್ಲಿ ಬೆಲೆ ಇಳಿಯುವುದು ನಿಜ. ಗಾಢ ಹಳದಿಯಾದರೆ ಅದೇ ಬೆಲೆ ಮತ್ತೆ ಏರುತ್ತದೆ. ಇದು ವ್ಯಾಪಾರ, ದೋಷವಲ್ಲ.

ನವರತ್ನಗಳಲ್ಲಿ ವಜ್ರ ಶುಕ್ರನದು ಎಂಬ ನಂಬಿಕೆ ನಿಮ್ಮ ಇಷ್ಟ. ಆದರೆ ಹಳೆಯ ರತ್ನಶಾಸ್ತ್ರಗಳು ಬಿಳಿಯದು ಬ್ರಾಹ್ಮಣರಿಗೆ, ಕಪ್ಪು ಛಾಯೆಯದು ಶೂದ್ರರಿಗೆ ಎಂದು ಹರಳಿಗೂ ಜಾತಿ ಹಚ್ಚಿದ್ದವು. ಬಸವಕಲ್ಯಾಣದ ಮಗ್ಗುಲಲ್ಲಿ ಕೂತು ಅದನ್ನೂ ನಂಬೋಣವೇ? ನಮ್ಮ ಭಾಗವನ್ನು 1948ರವರೆಗೆ ಆಳಿದ ಕೊನೆಯ ನಿಜಾಮ, 184.75 ಕ್ಯಾರಟ್‌ನ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಮೇಲೆ ಇಡುತ್ತಿದ್ದನಂತೆ. ಅವನ ರಾಜ್ಯ ಹೋದದ್ದಂತೂ ಹರಳಿನ ಬಣ್ಣದಿಂದಲ್ಲ.

ಬದಲಿಸುವ ಆತುರ ಬೇಡ. ಹಾಲ್‌ಮಾರ್ಕ್ ಬಂಗಾರದ ಶುದ್ಧತೆಗೆ ಮಾತ್ರ. ಹರಳಿಗೆ ಲ್ಯಾಬ್ ಸರ್ಟಿಫಿಕೇಟ್ ಬೇರೆ. ಅಂಗಡಿಯ ಟೆಸ್ಟರ್ ಪೆನ್ನು ‘ವಜ್ರ’ ಎಂದರೂ ಲ್ಯಾಬಿನಲ್ಲಿ ಬೆಳೆಸಿದ್ದೋ ಗಣಿಯದೋ ಹೇಳದು. ಹೈದರಾಬಾದಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಬೆಲೆಯ ಮಾತಾಡಿ. ತಿರುಪು ರಿಪೇರಿಗೆ ಕೊಡುವುದಿದ್ದರೆ ಹರಳುಗಳ ಫೋಟೊ ತೆಗೆದುಕೊಂಡು, ತೂಕವನ್ನೂ ಎಣಿಕೆಯನ್ನೂ ಚೀಟಿಯಲ್ಲಿ ಬರೆಸಿಕೊಂಡೇ ಕೊಡಿ.