ಅತ್ತೆ-ಮಾವ ಇಲ್ಲಿ, ಅಮ್ಮ ಅಲ್ಲಿ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಮದುವೆಯಾಗಿ ಜರ್ಮನಿಗೆ ಬಂದು ಎಂಟು ತಿಂಗಳು. ಗಂಡ ಇಲ್ಲಿಯವರು. ಮೂರು ವರ್ಷ ದುಡಿದು ಮೈಸೂರಿಗೆ ಹೋಗಿ ನೆಲೆಸೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದಿರಿ, ಅಷ್ಟರಲ್ಲಿ ಅತ್ತೆಗೆ ಮರೆವು ಶುರುವಾಯಿತು, ಮಾವನಿಗೆ ಕೈ ನಡುಕ. "ನಾನು ಇಲ್ಲೇ ಸಿಕ್ಕಿಹಾಕಿಕೊಂಡೆನಾ ಅಕ್ಕಾ?" ಅಂತ ಕೇಳಿದ್ದೀರಿ. ಅಕ್ಕ ಅಂದಿದ್ದೀರಿ, ಹಾಗಾಗಿ ಮುಚ್ಚಿಡದೆ ಹೇಳುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವಳು. 2003ರಲ್ಲಿ ಟ್ಯೂಬಿಂಗನ್ ಹತ್ತಿರದ ಈ ಊರಿಗೆ ಬಂದೆ. ಇಲ್ಲಿ ಸೊಸೆಯಂದಿರು ಅತ್ತೆಯನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಹೊರಳಲಿಲ್ಲ, "ಮುಟ್ಟಿ" ಅಂದೆ, ಅಂದರೆ ಅಮ್ಮ. ಅವರು ಸ್ಪೆಟ್ಸ್ಲೆ, ಅಂದರೆ ಈ ಕಡೆಯ ಹಿಟ್ಟಿನ ಶಾವಿಗೆಯಂಥದ್ದು, ಒತ್ತುವುದನ್ನು ಕಲಿಸಿದರು. ಆ ಒತ್ತುವ ಅಚ್ಚು ನಮ್ಮ ಶಾವಿಗೆ ಒರಳಿನ ಥರಾನೇ ಇತ್ತು. ಒಂದು ದಿನ ಅದರಲ್ಲೇ ಅಕ್ಕಿ ಹಿಟ್ಟಿನ ಒತ್ತು ಶಾವಿಗೆ ಮಾಡಿ ಕಾಯಿಹಾಲು ಹಾಕಿ ಕೊಟ್ಟೆ. ಅವತ್ತಿನಿಂದ ನಾವು ಹತ್ತಿರವಾದೆವು.

2015ರ ಹೊತ್ತಿಗೆ ಅವರಿಗೆ ಮರೆವು ಬಂತು. ಮೊದಲು ಸಾಮಾನಿನ ಹೆಸರು ಹೋಯಿತು, ಆಮೇಲೆ ಶಾಲೆಯಲ್ಲಿ ಕಲಿತ ಜರ್ಮನ್ ಹೋಗಿ ಬರೀ ಈ ಕಡೆಯ ಶ್ವಾಬಿಶ್ ಆಡುಮಾತು ಉಳಿಯಿತು. ನಾನು ಕಷ್ಟಪಟ್ಟು ಕಲಿತ ಭಾಷೆ ಅವರಿಗೆ ಬೇಡವಾಗಿತ್ತು, ಮತ್ತೆ ಮೊದಲಿಂದ ಕಲಿತೆ. ಸ್ನಾನಕ್ಕೆ ಒಪ್ಪುತ್ತಿರಲಿಲ್ಲ. ರಾತ್ರಿ ಮೂರಕ್ಕೆ ಎದ್ದು ಕೋಟು ಹಾಕಿಕೊಂಡು "ನಮ್ಮನೆಗೆ ಹೋಗಬೇಕು" ಅನ್ನುತ್ತಿದ್ದರು. ಇದೇ ನಿಮ್ಮನೆ ಅಂತ ಹೇಳಿದರೆ ಅಳುತ್ತಿದ್ದರು. ನನಗೂ ನಮ್ಮನೆಗೆ ಹೋಗಬೇಕಿತ್ತು, ಅದಕ್ಕೇ ಆ ಮಾತು ಎದೆಗೆ ಚುಚ್ಚುತ್ತಿತ್ತು.

ನಾವು ಮಾಡಿದ ದೊಡ್ಡ ತಪ್ಪು ಕೇಳಿ. "ಇವರಿಬ್ಬರದೂ ಮುಗಿದ ಮೇಲೆ ಹೊರಡೋಣ" ಅಂತ ಗಂಡ-ಹೆಂಡತಿ ಒಳಗೊಳಗೇ ಮಾತಾಡಿಕೊಂಡಿದ್ದೆವು. ಹೇಳುವಾಗ ಅದು ಕರ್ತವ್ಯದ ಮಾತಿನ ಹಾಗೇ ಕೇಳಿಸುತ್ತದೆ. ಆದರೆ 2018ರ ಚಳಿಗಾಲದಲ್ಲಿ ಅತ್ತೆಗೆ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದಾಗ ನನ್ನ ಮನಸ್ಸು ತಾನಾಗೇ ತಿಂಗಳು ಎಣಿಸಿತು, ಮಳೆಗಾಲಕ್ಕೆ ಮೊದಲು ಊರು ಸೇರಬಹುದಾ ಅಂತ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನನಗೆ ನಾನೇ ಹೆದರಿದೆ. ಆ ವಾರ ಗಂಡನಿಗೆ ಹೇಳಿದೆ, ಆಮೇಲೆ ಇಬ್ಬರೂ ಸೇರಿ ಮಾವನಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಿ. ಆದರೆ ನನಗೆ ಮೊದಲೇ ತಿಳಿಸಿ, ಕೊನೇ ಗಳಿಗೆಯಲ್ಲಿ ಬೇಡ" ಅಂದರು. ಹ್ಯಾಂಬುರ್ಗಿನಲ್ಲಿರುವ ನಾದಿನಿಯನ್ನೂ ಕರೆಸಿ, ಯಾವ ವರ್ಷದ ತನಕ ನಾವು, ಆಮೇಲೆ ಯಾರು, ಮನೆ ಏನು ಮಾಡುವುದು, ಎಲ್ಲಾ ಅಡುಗೆಮನೆ ಮೇಜಿನ ಮೇಲೇ ಆಯಿತು. ನಾವು ಹೊರಡುವ ವರ್ಷ ಎರಡು ಸಲ ಮುಂದೆ ಹೋಯಿತು ನಿಜ. ಆದರೆ ಅವರ ಸಾವಿಗೂ ನಮ್ಮ ಟಿಕೆಟ್ಟಿಗೂ ಇದ್ದ ಗಂಟು ಬಿಚ್ಚಿತ್ತು. ನಿಮ್ಮ ಮಾವನಿಗೆ ಇನ್ನೂ ಬುದ್ಧಿ ಚುರುಕಾಗಿದೆ ಅಂದಿದ್ದೀರಲ್ಲ, ಈಗಲೇ ಮಾತಾಡಿ.

ಕಾಗದಪತ್ರದ್ದು ಬೇಗ ಹೇಳಿಬಿಡುತ್ತೇನೆ. 1995ರಿಂದ ಇಲ್ಲಿ ಆರೈಕೆ ವಿಮೆ ಇದೆ. 2017ರಲ್ಲಿ ಎಷ್ಟು ಆರೈಕೆ ಬೇಕು ಅನ್ನುವುದನ್ನು ಐದು ಹಂತ ಮಾಡಿದರು, ಫ್ಲೇಗೆಗ್ರಾಡ್ ಅನ್ನುತ್ತಾರೆ, ಆಗಿನಿಂದ ಮರೆವಿಗೂ ಸರಿಯಾದ ಲೆಕ್ಕ ಸಿಗುತ್ತದೆ. ಅರ್ಜಿ ಹಾಕಿದ ಮೇಲೆ ಒಬ್ಬರು ಮನೆಗೆ ಬಂದು ನೋಡುತ್ತಾರೆ. ಅವತ್ತು ನಮ್ಮ ಅತ್ತೆ ಒಳ್ಳೇ ಬಟ್ಟೆ ಹಾಕಿ, ಬಂದವರಿಗೆ ಕಾಫಿ ಬಗ್ಗಿಸಿ, "ಎಲ್ಲಾ ನಾನೇ ಮಾಡ್ಕೊಳ್ತೀನಿ" ಅಂದರು. ಕಡಿಮೆ ಹಂತ ಬಂತು. ಆಕ್ಷೇಪ ಹಾಕಲು ಒಂದು ತಿಂಗಳು ಇರುತ್ತದೆ, ನಾನು ಎರಡು ವಾರ ದಿನದಿನದ್ದು ಬರೆದಿಟ್ಟು ಕಳಿಸಿದೆ, 3ನೇ ಹಂತ ಸಿಕ್ಕಿತು. ಮನೆಯಲ್ಲೇ ನೋಡಿಕೊಂಡರೆ ಆ ಹಂತಕ್ಕೆ 2025ರಲ್ಲಿ ತಿಂಗಳಿಗೆ 599 ಯೂರೋ. ಇನ್ನೊಂದು ವಿಷಯ, ಇದನ್ನು ನನಗೆ ಯಾರೂ ಹೇಳಿರಲಿಲ್ಲ: 2ನೇ ಹಂತ ಅಥವಾ ಮೇಲಿನವರನ್ನು ವಾರದಲ್ಲಿ ಎರಡು ದಿನವಾದರೂ ಸೇರಿ ಕನಿಷ್ಠ 10 ಗಂಟೆ ನೋಡಿಕೊಂಡು, ನಿಮ್ಮ ನೌಕರಿ ವಾರಕ್ಕೆ 30 ಗಂಟೆ ದಾಟದಿದ್ದರೆ, ಆರೈಕೆ ವಿಮೆಯವರೇ ನಿಮ್ಮ ಹೆಸರಿಗೆ ಪಿಂಚಣಿ ಹಣ ಕಟ್ಟುತ್ತಾರೆ. ಸೊಸೆಗೂ ಸಿಗುತ್ತದೆ. 2017ರ ಮೇ ತಿಂಗಳಿಂದ ಭಾರತ-ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ, ಆ ಪಿಂಚಣಿ ಊರಲ್ಲಿದ್ದೂ ಪಡೆಯಬಹುದು.

ಅತ್ತೆ-ಮಾವ ಇಬ್ಬರಿಂದಲೂ ಫೋಲ್‌ಮಾಖ್ಟ್, ಅಂದರೆ ಅಧಿಕಾರಪತ್ರ, ಬರೆಸಿಕೊಳ್ಳಿ. ಅದಿಲ್ಲದಿದ್ದರೆ ಸ್ವಂತ ಮಗನಿಗೂ ಅವರ ಪರವಾಗಿ ಸಹಿ ಹಾಕುವ ಹಕ್ಕು ಬರುವುದಿಲ್ಲ, ಕೋರ್ಟಿಗೆ ಹೋಗಬೇಕಾಗುತ್ತದೆ. ಮರೆವು ಜಾಸ್ತಿಯಾದ ಮೇಲೆ ಅವರ ಸಹಿ ನಡೆಯುವುದಿಲ್ಲ. ನಿಮ್ಮ ಗಂಡನಿಗೆ ಓಸಿಐ, ಅಂದರೆ ವಿದೇಶಿ ಪ್ರಜೆ ಭಾರತದಲ್ಲಿ ನೆಲೆಸಲು ಕೊಡುವ ಕಾರ್ಡು, ಬೇಕಾದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಆಗಿರಬೇಕು. ಅಮ್ಮನನ್ನು ನೋಡಲು ಹೋಗಿ ಜಾಸ್ತಿ ದಿನ ಇರುವ ಯೋಚನೆ ಇದ್ದರೆ, ಆರು ತಿಂಗಳು ದಾಟಿದರೆ ಸಾಮಾನ್ಯವಾಗಿ ಇಲ್ಲಿನ ವಾಸದ ಪರವಾನಗಿ ರದ್ದಾಗುತ್ತದೆ, ಹೊರಡುವ ಮುಂಚೆಯೇ ಕಚೇರಿಯಲ್ಲಿ ಕೇಳಿಕೊಳ್ಳಿ.

2021ರಲ್ಲಿ ಅತ್ತೆಯನ್ನು ವಯಸ್ಸಾದವರನ್ನು ನೋಡಿಕೊಳ್ಳುವ ಆರೈಕೆ ಮನೆಗೆ ಸೇರಿಸಿದೆವು. ಊರಿನಿಂದ ಫೋನ್ ಮಾಡಿದವರೆಲ್ಲ "ಆಶ್ರಮಕ್ಕೆ ಹಾಕಿದ್ಯಾ?" ಅಂತ ಕೇಳಿದರು. ಎತ್ತಿ ಎತ್ತಿ ನನ್ನ ಬೆನ್ನು ಹೋಗಿತ್ತು. ದಿನಾ ಸಂಜೆ ಹೋಗಿ ಊಟ ಮಾಡಿಸಿ ಬರುತ್ತಿದ್ದೆ, ಮೊದಲಿನ ಸಿಡುಕು ನನ್ನಲ್ಲಿ ಇರಲಿಲ್ಲ. ಅವರು 2023ರಲ್ಲಿ ಹೋದರು, ಮಾವ ಮರುವರ್ಷ.

ಇಷ್ಟೂ ವರ್ಷ ನನ್ನ ಅಮ್ಮನಿಗೆ ಸ್ನಾನ ಮಾಡಿಸಿ, ಜಡೆ ಹಾಕಿ, ಮಾತ್ರೆ ಕೊಟ್ಟವಳು ನನ್ನ ಅತ್ತಿಗೆ. ನಾನು ಇಲ್ಲಿ ಮಾಡಿದ್ದನ್ನೇ ಅವಳು ಅಲ್ಲಿ ಮಾಡಿದಳು, ಅವಳಿಗೆ 599 ಯೂರೋ ಯಾರೂ ಕೊಡಲಿಲ್ಲ. ದುಡ್ಡು ಕಳಿಸುತ್ತಿದ್ದೆ, ಆದರೆ ಎಷ್ಟೋ ವರ್ಷ ಅಮ್ಮನ ಹತ್ತಿರ ಮಾತ್ರ ಮಾತಾಡಿ ಫೋನ್ ಇಡುತ್ತಿದ್ದೆ. ನಿಮ್ಮ ತಾಯಿಯನ್ನು ನೋಡಿಕೊಳ್ಳುತ್ತಿರುವವರ ಹತ್ತಿರವೂ ಮಾತಾಡಿ, ಅವರಿಗೆ ನಿದ್ದೆ ಬರುತ್ತಾ ಅಂತ ಕೇಳಿ. ಬರುವ ಮಾರ್ಚಿನಲ್ಲಿ ನಾವು ತೀರ್ಥಹಳ್ಳಿಗೆ ಹೋಗುತ್ತಿದ್ದೇವೆ. ಅಮ್ಮನಿಗೆ ಎಂಬತ್ನಾಲ್ಕು. ಅತ್ತಿಗೆ ಮೊದಲು ಒಂದು ತಿಂಗಳು ತವರಿಗೆ ಹೋಗಿ ಬರುತ್ತಾಳೆ ಅಂತ ಈಗಾಗಲೇ ಮಾತಾಗಿದೆ. ಮುಟ್ಟಿಯ ಒತ್ತುವ ಅಚ್ಚನ್ನು ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದೇನೆ.

ನಿಮ್ಮ ಅತ್ತೆಯ ಅರ್ಜಿಗೆ ಆರೈಕೆ ವಿಮೆಯವರಿಗೆ ಒಂದು ಫೋನ್ ಸಾಕು. ಹಣ ಅರ್ಜಿ ಹಾಕಿದ ತಿಂಗಳಿನಿಂದ ಲೆಕ್ಕ, ಹಿಂದಿನದ್ದು ಸಿಗುವುದಿಲ್ಲ. ಈ ತಿಂಗಳು ಮುಗಿಯುವ ಮೊದಲೇ ಮಾಡಿ.