ಬೆಕ್ಕಿನ ಊಟ: ಮೈ ಕೆರೆದುಕೊಂಡರೆ, ತಟ್ಟೆ ಮೂಸಿ ಬಿಟ್ಟರೆ

ಪ್ರಶ್ನೆ: ನಮ್ಮ ಮೂರು ವರ್ಷದ ಹೆಣ್ಣುಬೆಕ್ಕು ಕಿವಿಯ ಮುಂದೆ, ಕುತ್ತಿಗೆಯ ಸುತ್ತ ರಕ್ತ ಬರುವ ಹಾಗೆ ಕೆರೆದುಕೊಳ್ಳುತ್ತದೆ. ಸಣ್ಣ ಸಣ್ಣ ಹಕ್ಕಳೆ ಕಟ್ಟಿದೆ. ಚಿಕನ್ ಅಲರ್ಜಿ ಇರಬೇಕು ಎಂದು ಅಂಗಡಿಯವರು ಹೇಳಿದ್ದರಿಂದ ಒಂದು ತಿಂಗಳಿಂದ ಟ್ಯೂನಾ ಪೌಚ್ ಹಾಕುತ್ತಿದ್ದೇವೆ. ಏನೂ ಕಡಿಮೆಯಾಗಿಲ್ಲ. ಇನ್ನು ಯಾವ ವೆಟ್ ಫುಡ್ ತರಬೇಕು?
(ಓದುಗರು, ಸಾಗರ)

ಉತ್ತರ: ಸದ್ಯಕ್ಕೆ ಹೊಸ ಪೌಚ್ ತರಬೇಡಿ. ಮೊದಲು ಚಿಗಟ ಇದೆಯೇ ನೋಡಿ. ಬೆಕ್ಕಿನ ತುರಿಕೆಗೆ ಊಟಕ್ಕಿಂತ ಚಿಗಟವೇ ಕಾರಣವಾಗುವುದು ಹೆಚ್ಚು. ಮಲೆನಾಡಿನ ತೇವದ ಹವೆಯಲ್ಲಂತೂ ಅದಕ್ಕೆ ವರ್ಷವಿಡೀ ಸುಗ್ಗಿ. ಹಲ್ಲು ಒತ್ತೊತ್ತಾಗಿರುವ ಹೇನಿನ ಬಾಚಣಿಗೆಯಿಂದ ಬಾಲದ ಬುಡ ಮತ್ತು ಬೆನ್ನನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ. ಸುತ್ತಲೂ ಕೆಂಪು ಕಲೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬೆಕ್ಕು ಮೈ ನೆಕ್ಕಿ ಚಿಗಟವನ್ನು ನುಂಗಿಬಿಡುವುದರಿಂದ ಒಂದೂ ಕಣ್ಣಿಗೆ ಬೀಳದೆ ಇರಬಹುದು. ಕಿವಿಯೊಳಗೆ ಕಾಫಿ ಪುಡಿಯಂಥ ಕಪ್ಪು ಗಲೀಜು ಇದ್ದರೆ ಕಿವಿ ನುಸಿಯ ಅನುಮಾನ ಪಡಬೇಕು. ಇವೆರಡಕ್ಕೂ ವೈದ್ಯರು ಬೆಕ್ಕಿಗೆಂದೇ ಇರುವ, ಕುತ್ತಿಗೆಯ ಹಿಂದೆ ಹಾಕುವ ಹನಿಮದ್ದು ಕೊಡುತ್ತಾರೆ. ಅದನ್ನು ವೈದ್ಯರು ಹೇಳಿದ ಅಂತರಕ್ಕೆ ತಪ್ಪದೆ ಹಾಕಿ, ಮನೆಯಲ್ಲಿರುವ ಎಲ್ಲ ಬೆಕ್ಕಿಗೂ ಹಾಕಿ. ನಾಯಿಗೆ ನಾಯಿಯದೇ ಔಷಧ. ಇಲ್ಲಿ ಒಂದು ಎಚ್ಚರಿಕೆ: ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿ ಹನಿಮದ್ದನ್ನು ಬೆಕ್ಕಿಗೆ ಹಾಕಿದರೆ ನಡುಕ, ಸೆಳೆತ ಬಂದು ಬೆಕ್ಕು ಸಾಯಬಹುದು. ‘ಸ್ವಲ್ಪವೇ ಹಾಕಿದರೆ ಏನಾಗುತ್ತೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಚಿಗಟ, ನುಸಿ, ಹುಳುಕಡ್ಡಿ ಎಲ್ಲ ಇಲ್ಲವೆಂದಾದ ಮೇಲೂ ತುರಿಕೆ ನಿಲ್ಲದಿದ್ದರೆ ಆಗ ಊಟದ ಸರದಿ. ನೀವು ಚಿಕನ್ ಬಿಟ್ಟು ಟ್ಯೂನಾಕ್ಕೆ ಹೋದದ್ದು ಏಕೆ ಫಲ ಕೊಡಲಿಲ್ಲ ಎನ್ನುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಪೌಚಿನ ಮುಂದೆ ಟ್ಯೂನಾ ಎಂದು ದೊಡ್ಡದಾಗಿ ಬರೆದಿದ್ದರೂ ಹಿಂದಿನ ಸಣ್ಣಕ್ಷರದ ಪಟ್ಟಿಯಲ್ಲಿ ಚಿಕನ್ ಇರುತ್ತದೆ, ಎಷ್ಟೋ ಸಲ ಟ್ಯೂನಾಕ್ಕಿಂತ ಮೊದಲೇ ಇರುತ್ತದೆ. ‘ಮಾಂಸ ಮತ್ತು ಪ್ರಾಣಿಜನ್ಯ ಪದಾರ್ಥ’ ಎಂದಷ್ಟೇ ಬರೆದಿದ್ದರೆ ಒಳಗೆ ಯಾವ ಪ್ರಾಣಿ ಇದೆ ಎಂದು ತಿಳಿಯುವ ದಾರಿಯೇ ಇಲ್ಲ. ಅಂಥದ್ದನ್ನು ಅಲರ್ಜಿಯ ಬೆಕ್ಕಿಗೆ ಕೊಳ್ಳಲೇಬೇಡಿ. ಎರಡನೆಯದು, ಬೆಕ್ಕುಗಳಲ್ಲಿ ಹೆಚ್ಚಾಗಿ ಅಲರ್ಜಿ ಕಂಡುಬರುವುದು ದನದ ಮಾಂಸ, ಮೀನು, ಕೋಳಿ ಈ ಮೂರಕ್ಕೆ. ಮೀನಿಗೆ ಬದಲಾಯಿಸಿದ್ದು ಒಂದು ಶಂಕಿತನನ್ನು ಬಿಟ್ಟು ಇನ್ನೊಬ್ಬನನ್ನು ಮನೆಗೆ ಕರೆದ ಹಾಗಾಯಿತು.

ಅಲರ್ಜಿ ಹುಟ್ಟುವುದು ಬ್ರಾಂಡಿನ ಮೇಲಲ್ಲ, ಪ್ರೋಟೀನಿನ ಮೇಲೆ. ಅದೂ ಬೆಕ್ಕು ತಿಂಗಳು, ವರ್ಷಗಟ್ಟಲೆ ತಿಂದು ಅಭ್ಯಾಸವಾದ ಪ್ರೋಟೀನಿನ ಮೇಲೆ. ಹಾಗಾಗಿ ಬ್ರಾಂಡ್ ಬದಲಿಸುತ್ತಾ ಹೋಗುವುದರಿಂದ ದುಡ್ಡು ಖರ್ಚಾಗುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ. ಧಾನ್ಯರಹಿತ ಎಂಬ ಚೀಟಿಗೂ ಇಲ್ಲಿ ಹೆಚ್ಚು ಅರ್ಥವಿಲ್ಲ. ಆಹಾರದ ಅಲರ್ಜಿಗೆಂದು ಮಾಡುವ ರಕ್ತಪರೀಕ್ಷೆಯೂ ಬೆಕ್ಕಿನಲ್ಲಿ ನಂಬುವಂಥದ್ದಲ್ಲ. ನಂಬಬಹುದಾದ ಪರೀಕ್ಷೆ ಒಂದೇ: ಈವರೆಗೆ ತಿಂದೇ ಇರದ ಒಂದೇ ಒಂದು ಮಾಂಸವನ್ನು ಎಂಟು ವಾರ ಕೊಟ್ಟು ನೋಡುವುದು. ವಾಂತಿ, ಭೇದಿ ಇದ್ದರೆ ಎರಡು ಮೂರು ವಾರದಲ್ಲೇ ವ್ಯತ್ಯಾಸ ತಿಳಿಯುತ್ತದೆ. ಚರ್ಮಕ್ಕೆ ಮಾತ್ರ ಪೂರ್ತಿ ಎಂಟು ವಾರ ಬೇಕು. ನಾಲ್ಕನೇ ವಾರಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಟ್ಟವರು ಅರ್ಧ ಪರೀಕ್ಷೆಯನ್ನಷ್ಟೇ ಮಾಡಿದಂತೆ.

ಯಾವ ಮಾಂಸ? ಅದು ನಿಮ್ಮ ಬೆಕ್ಕಿನ ಚರಿತ್ರೆಯ ಮೇಲೆ ನಿಂತಿದೆ. ಹುಟ್ಟಿದಾಗಿನಿಂದ ತಿಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ಮೀನಿನ ತಲೆ, ಮೊಟ್ಟೆ, ಹಾಲು, ಬಿಸ್ಕತ್ತು, ಪಕ್ಕದ ಮನೆಯವರು ಹಾಕಿದ್ದು, ಎಲ್ಲವನ್ನೂ. ಕೋಳಿ ಅನುಮಾನವಿದ್ದಾಗ ಬಾತು, ಗೌಜಲು ಅಷ್ಟು ಒಳ್ಳೆಯ ಆಯ್ಕೆಯಲ್ಲ. ಹಕ್ಕಿಗಳ ಪ್ರೋಟೀನು ಒಂದಕ್ಕೊಂದು ಹತ್ತಿರದ್ದು, ದೇಹ ಎರಡನ್ನೂ ಒಂದೇ ಎಂದುಕೊಳ್ಳಬಹುದು. ನಮ್ಮ ಕಡೆ ಸಿಗುವುದರಲ್ಲಿ ಹಂದಿ ಮಾಂಸ ಅಥವಾ ಮೊಲದ ಮಾಂಸ ಸಾಮಾನ್ಯವಾಗಿ ಬೆಕ್ಕಿಗೆ ಹೊಸತು. ಹಿಂದೆಂದೂ ಕೊಟ್ಟಿಲ್ಲವಾದರೆ ಕುರಿ, ಆಡು ಆಗಬಹುದು. ಮೂಳೆ ತೆಗೆದು, ಉಪ್ಪು, ಅರಿಶಿನ, ಎಣ್ಣೆ ಏನೂ ಹಾಕದೆ ಬೇಯಿಸಿ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಬೆಕ್ಕಿನ ಕಣ್ಣಿಗೆ, ಹೃದಯಕ್ಕೆ ಬೇಕಾದ, ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಆ ನೀರಿಗೆ ಇಳಿದಿರುತ್ತದೆ. ನಾಲ್ಕು ಕೆ.ಜಿ. ಬೆಕ್ಕಿಗೆ ದಿನಕ್ಕೆ ಕೊಬ್ಬು ಕಡಿಮೆಯಿರುವ ಹಸಿ ಮಾಂಸದ ತೂಕದಲ್ಲಿ 150ರಿಂದ 180 ಗ್ರಾಂ, ಮೂರು ನಾಲ್ಕು ಹೊತ್ತಿಗೆ ಹಂಚಿ. ವಾರಕ್ಕೊಮ್ಮೆ ಬೆಕ್ಕನ್ನು ತೂಗಿ. ಬರೀ ಮಾಂಸದಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಆದ್ದರಿಂದ ಕ್ಯಾಲ್ಸಿಯಂ, ಟಾರಿನ್ ಎಷ್ಟು ಬೆರೆಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಬೆಳೆಯುವ ಮರಿಗೆ, ಗಬ್ಬದ ಬೆಕ್ಕಿಗೆ ಇದನ್ನು ಸ್ವಂತ ಬುದ್ಧಿಯಿಂದ ಮಾಡಲೇಬೇಡಿ.

ಅಡುಗೆ ಆಗದು ಎಂದರೆ ಹೈಡ್ರೊಲೈಸ್ಡ್ ಪ್ರೋಟೀನ್ ಆಹಾರ ಇದೆ. ಪ್ರೋಟೀನನ್ನು ದೇಹ ಗುರುತು ಹಿಡಿಯಲಾರದಷ್ಟು ಚೂರು ಮಾಡಿರುತ್ತಾರೆ. ವೈದ್ಯರ ಚೀಟಿಯ ಮೇಲೆ ತರಿಸಬೇಕು. ಡ್ರೈ ರೂಪದಲ್ಲಷ್ಟೇ ಸಿಕ್ಕರೆ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ನೆನೆಸಿ ಕೊಡಿ.

ಪರೀಕ್ಷೆ ಕೆಡುವುದು ಸಣ್ಣ ಕಿಂಡಿಗಳಲ್ಲಿ. ಬೆಕ್ಕು ಹೊರಗೆ ಹೋಗಿ ಇಲಿ, ಹಲ್ಲಿ ಹಿಡಿದರೆ, ಅಜ್ಜಿ ಕರುಣೆಯಿಂದ ಒಂದು ಚಮಚ ಹಾಲು ಬಿಟ್ಟರೆ, ಮಾಂಸದ ರುಚಿ ಬೆರೆಸಿದ ಜಂತುಹುಳದ ಮಾತ್ರೆ ಕೊಟ್ಟರೆ ಲೆಕ್ಕ ತಪ್ಪುತ್ತದೆ. ತುರಿಕೆ ನಿಲ್ಲಿಸುವ ಸ್ಟಿರಾಯ್ಡ್ ಇಂಜೆಕ್ಷನ್ನನ್ನು ಇದೇ ವೇಳೆ ಹಾಕಿಸಿದರೆ ಗುಣವಾದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಎಂಟು ವಾರ ಬೆಕ್ಕನ್ನು ಒಳಗೇ ಇಟ್ಟುಕೊಳ್ಳಿ. ತೋಟದ ಮನೆಯಲ್ಲಿ ಇದು ಕಷ್ಟ ಎಂದು ಗೊತ್ತಿದೆ, ಆದರೆ ಬೇರೆ ದಾರಿ ಇಲ್ಲ.

ಚರ್ಮ ತಿಳಿಯಾದ ಮೇಲೆ ಹಳೆಯ ಊಟವನ್ನು ಮತ್ತೆ ಕೊಡಿ. ಎರಡು ವಾರದೊಳಗೆ ತುರಿಕೆ ಮರಳಿದರೆ ಅಲರ್ಜಿ ಖಚಿತ. ಬಹಳ ಜನ ಈ ಹೆಜ್ಜೆಗೆ ಹೆದರಿ ನಿಲ್ಲಿಸಿಬಿಡುತ್ತಾರೆ. ಇದಿಲ್ಲದೆ ಬೆಕ್ಕು ಜೀವಮಾನವಿಡೀ ಬೇಡದ ಪಥ್ಯ ಮಾಡಬೇಕಾದೀತು. ತುರಿಕೆ ಮರಳಿದ ಕೂಡಲೇ ಪಥ್ಯಕ್ಕೆ ಹಿಂದಿರುಗಿ, ಚರ್ಮ ಶಾಂತವಾದ ಮೇಲೆ ಒಂದೊಂದೇ ಮಾಂಸವನ್ನು ಎರಡೆರಡು ವಾರ ಸೇರಿಸಿ ನೋಡಿ. ಯಾವುದು ಕೂಡದು ಎಂದು ತಿಳಿದ ಆ ದಿನ ಪೌಚ್ ಕೊಳ್ಳಲು ಹೋಗಿ. ಆಗ ನೋಡಬೇಕಾದ್ದು ಪಟ್ಟಿಯಲ್ಲಿ ಒಂದೇ ಪ್ರಾಣಿಯ ಹೆಸರಿದೆಯೇ, ಮತ್ತು ‘ಸಂಪೂರ್ಣ ಆಹಾರ’ ಎಂದು ಬರೆದಿದೆಯೇ ಎಂಬುದು. ‘ಪೂರಕ ಆಹಾರ’ ಎಂದಿರುವುದು ತಿಂಡಿ ಮಾತ್ರ, ಅದೇ ಊಟವಾಗಬಾರದು.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಬೆಕ್ಕು ಹಾಲನ್ನ, ಮೊಸರನ್ನ ತಿಂದುಕೊಂಡು ಬೆಳೆದಿದೆ. ಈಗ ಅದೂ ಸೇರುತ್ತಿಲ್ಲ, ಆಗಾಗ ಭೇದಿ. ಮಾಂಸವಿಲ್ಲದ ವೆಟ್ ಫುಡ್ ಇದ್ದರೆ ತಿಳಿಸಿ.
(ಓದುಗರು, ಹೊಸನಗರ)

ಉತ್ತರ: ನಿಮ್ಮ ಮನೆಯ ಪದ್ಧತಿಯನ್ನು ಗೌರವಿಸಿಯೇ ಹೇಳುತ್ತೇವೆ, ಬೆಕ್ಕು ಮಾಂಸದ ಮೇಲೆಯೇ ಬದುಕುವ ಪ್ರಾಣಿ. ಟಾರಿನ್ ಎಂಬ ಅಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅನ್ನದಲ್ಲಿ ಅದು ಇಲ್ಲ, ಹಾಲಿನಲ್ಲಿರುವುದು ಸಾಲದು. ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಸವೆದು ದೃಷ್ಟಿ ಹೋಗುತ್ತದೆ, ಹೃದಯದ ಸ್ನಾಯು ಸಡಿಲವಾಗುತ್ತದೆ. ಹೃದಯಕ್ಕೂ ಟಾರಿನ್‌ಗೂ ಇರುವ ಈ ನಂಟು 1987ರಲ್ಲಿ ಅಮೆರಿಕದ ಸಂಶೋಧಕರಿಂದ ಖಚಿತವಾಯಿತು. ಆ ಮೇಲೆಯೇ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಿಸಿದ್ದು. ಈವರೆಗೆ ನಿಮ್ಮ ಬೆಕ್ಕು ಉಳಿದುಕೊಂಡಿದ್ದರೆ ಅದಕ್ಕೆ ಅಟ್ಟದ ಇಲಿಗಳೂ ಕಾರಣವಿರಬಹುದು. ಇನ್ನು ಭೇದಿಯ ವಿಷಯ: ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಹಾಲು ನಿಲ್ಲಿಸಿ, ಸಗಣಿ ಪರೀಕ್ಷೆಯಂತೆ ಬೆಕ್ಕಿನ ಹೇಲನ್ನೂ ಜಂತುಹುಳಕ್ಕಾಗಿ ಪರೀಕ್ಷೆ ಮಾಡಿಸಿ.

ನಿಮ್ಮಂಥ ಮನೆಗೆ ಮುಚ್ಚಿದ ಪೌಚೇ ಅನುಕೂಲ, ಅಡುಗೆಮನೆಗೆ ತರಬೇಕಾಗಿಲ್ಲ. ಜಗಲಿಯಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಬೇರೆ ತಟ್ಟೆ, ಬೇರೆ ಚಮಚ ಇಟ್ಟು ಅಲ್ಲೇ ತೊಳೆಯಬಹುದು. ಮೊದಲ ದಿನ ಒಂದು ಟೀ ಚಮಚ ಸಾಕು. ಏಳರಿಂದ ಹತ್ತು ದಿನಗಳಲ್ಲಿ ಅನ್ನ ಕಡಿಮೆ ಮಾಡುತ್ತಾ ಪೌಚ್ ಹೆಚ್ಚಿಸಿ.

ಪ್ರಶ್ನೆ: ಒಂದೂವರೆ ವರ್ಷದ ಗಂಡುಬೆಕ್ಕು. ಪೌಚಿನ ಗ್ರೇವಿ ನೆಕ್ಕಿ ತುಂಡುಗಳನ್ನು ಬಿಟ್ಟುಬಿಡುತ್ತದೆ. ಎರಡು ದಿನಕ್ಕೊಂದು ಹೊಸ ರುಚಿ ತಂದರೂ ಮೂರನೇ ದಿನ ಮೂಸಿ ಹೋಗುತ್ತದೆ.
(ಓದುಗರು, ಶಿವಮೊಗ್ಗ)

ಉತ್ತರ: ಆಟ, ತೂಕ, ಲವಲವಿಕೆ ಸರಿಯಿದ್ದರೆ ಇದು ಕಾಯಿಲೆಯಲ್ಲ. ಬಿಟ್ಟರೆ ಹೊಸತು ಬರುತ್ತದೆ ಎಂದು ಬೆಕ್ಕು ಕಲಿತುಕೊಂಡಿದೆ. ಎರಡು ರುಚಿ ಆರಿಸಿ, ಅವಷ್ಟನ್ನೇ ಇಟ್ಟುಕೊಳ್ಳಿ.

ಬೆಕ್ಕು ಊಟವನ್ನು ಒಪ್ಪುವುದು ಮೂಗಿನಿಂದ. ಸಿಹಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಊಟಕ್ಕೆ ವಾಸನೆ ಏಳುವುದಿಲ್ಲ, ಅದೂ ಮಳೆಗಾಲದ ಚಳಿಯಲ್ಲಿ. ಒಡೆಯದ ಪೌಚನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಡಿ. ಒಡೆದದ್ದಾದರೆ ಒಂದು ಚಮಚ ಬಿಸಿನೀರು ಬೆರೆಸಿ. ಮೈ ಬಿಸಿಯಷ್ಟು, ಅಂದರೆ 37-38 ಡಿಗ್ರಿ ಇರಲಿ. ಮಣಿಕಟ್ಟಿನ ಮೇಲೆ ಮುಟ್ಟಿಸಿದರೆ ಬಿಸಿಯೂ ತಣ್ಣಗೂ ಅನ್ನಿಸಬಾರದು.

ತುಂಡು ಬಿಡುವ ಬೆಕ್ಕಿಗೆ ತುಂಡಿನ ಹದ ಇಷ್ಟವಿಲ್ಲ. ಫೋರ್ಕಿನಿಂದ ಗ್ರೇವಿಯೊಂದಿಗೆ ಪೂರ್ತಿ ಹಿಸುಕಿ ಕೊಡಿ, ಇಲ್ಲವೇ ನುಣ್ಣಗೆ ಪೇಸ್ಟಿನಂತಿರುವ ಡಬ್ಬಿ ತನ್ನಿ. ಮರಿಯಿದ್ದಾಗ ಯಾವ ಹದ ರೂಢಿಯಾಯಿತೋ ಅದನ್ನೇ ದೊಡ್ಡದಾದ ಮೇಲೂ ಹುಡುಕುವ ಬೆಕ್ಕುಗಳು ಬಹಳ. ಅಗಲವಾದ, ತಗ್ಗು ಅಂಚಿನ ಸ್ಟೀಲ್ ಅಥವಾ ಪಿಂಗಾಣಿ ತಟ್ಟೆ ಒಳ್ಳೆಯದು. ಪ್ಲಾಸ್ಟಿಕ್ ತಟ್ಟೆಯ ಗೀರುಗಳಲ್ಲಿ ಹಳಸಿದ ವಾಸನೆ ಕೂತಿರುತ್ತದೆ. ಕಕ್ಕಸಿನ ಟ್ರೇ ಪಕ್ಕದಲ್ಲಿ ತಟ್ಟೆ ಇಡಬೇಡಿ. ಅರ್ಧ ಗಂಟೆ ಬಿಟ್ಟು ತಟ್ಟೆ ತೆಗೆಯಿರಿ, ಮುಂದಿನ ಹೊತ್ತಿನ ತನಕ ನಡುವೆ ಏನೂ ಬೇಡ. ಆದರೆ ‘ಹಸಿದರೆ ತಾನೇ ತಿನ್ನುತ್ತೆ’ ಎಂದು ಇಡೀ ದಿನ ಉಪವಾಸ ಕೆಡವಬಾರದು. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅದು ಕೆಲಸ ನಿಲ್ಲಿಸುತ್ತದೆ, ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಹನ್ನೆರಡು ವರ್ಷದ ಬೆಕ್ಕು. ತಟ್ಟೆಯ ಬಳಿ ಓಡಿ ಬರುತ್ತದೆ, ಒಂದು ಬಾಯಿ ಹಾಕಿ ತಲೆ ಕೊಡವಿ ಹಿಂದೆ ಸರಿಯುತ್ತದೆ. ಇದು ವಯಸ್ಸಿನ ಹಟವೇ?
(ಓದುಗರು, ತೀರ್ಥಹಳ್ಳಿ)

ಉತ್ತರ: ಅಲ್ಲ. ಹಸಿವಿದೆ, ಬಾಯಿ ನೋಯುತ್ತಿದೆ. ತುಟಿ ಎತ್ತಿ ನೋಡಿ: ಒಸಡು ಕೆಂಪಾಗಿದೆಯೇ, ಜೊಲ್ಲು, ದುರ್ವಾಸನೆ ಇದೆಯೇ. ಈ ವಯಸ್ಸಿನಲ್ಲಿ ಮೂತ್ರಪಿಂಡವನ್ನೂ ನೋಡಿಸಬೇಕು. ನೀರು ಹೆಚ್ಚು ಕುಡಿಯುವುದು, ಟ್ರೇಯಲ್ಲಿ ಮೂತ್ರದ ಒದ್ದೆ ಉಂಡೆ ದೊಡ್ಡದಾಗುವುದು, ಬೆನ್ನೆಲುಬು ಕೈಗೆ ಸಿಗುವುದು ಅದರ ಗುರುತು. ಇದೇ ವಾರ ಕರೆದುಕೊಂಡು ಹೋಗಿ. ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೆ ಅಂದೇ ಹೊರಡಿ. ಹತ್ತಿರದಲ್ಲಿ ರಕ್ತಪರೀಕ್ಷೆಯ ಸೌಕರ್ಯ ಇಲ್ಲದಿದ್ದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿಯ ತನಕ ನುಣ್ಣನೆಯ ಊಟವನ್ನು ಗಂಜಿಯಂತೆ ತೆಳ್ಳಗೆ ಮಾಡಿ ಕೊಡಿ. ಕಹಿ ಮಾತ್ರೆಯನ್ನು ಮಾತ್ರ ಊಟಕ್ಕೆ ಬೆರೆಸಬೇಡಿ, ಆ ಊಟವನ್ನೇ ಬೆಕ್ಕು ಮುಂದೆ ಮುಟ್ಟದಿರಬಹುದು.

ಪ್ರಶ್ನೆ: ಪೌಚ್ ದುಬಾರಿ. ಬೂತಾಯಿ ಮೀನು ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಕೊಡಬಹುದೇ? ದಿನಕ್ಕೆ ಎಷ್ಟು ಪೌಚ್ ಬೇಕು?
(ಓದುಗರು, ಭದ್ರಾವತಿ)

ಉತ್ತರ: ವಾರಕ್ಕೆ ಒಂದೆರಡು ಸಲ, ಬೇಯಿಸಿ, ಮುಳ್ಳು ತೆಗೆದು ಕೊಡಿ. ದಿನವೂ ಬೇಡ. ಬರೀ ಎಣ್ಣೆಮೀನು ತಿಂದ ಬೆಕ್ಕಿಗೆ ವಿಟಮಿನ್ ಇ ಸಾಲದೆ ಚರ್ಮದಡಿಯ ಕೊಬ್ಬು ಉರಿಯೂತವಾಗಿ ಮುಟ್ಟಿದರೆ ನೋಯುತ್ತದೆ. ಹಸಿ ಮೀನು ಕೆಲವದರಲ್ಲಿ ವಿಟಮಿನ್ ಬಿ1 ಅನ್ನು ನಾಶಮಾಡುವ ಅಂಶವಿದೆ. ಮೀನುಸಾರಿನ ತುಂಡನ್ನು ತೊಳೆದು ಹಾಕುವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಂದರೂ ಬೆಕ್ಕಿನ ರಕ್ತಕಣ ಒಡೆಯುತ್ತವೆ. ಒಣಮೀನಿನ ಉಪ್ಪೂ ಅತಿ.

ನಾಲ್ಕು ಕೆ.ಜಿ. ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ ಬೇಕು. 85 ಗ್ರಾಂ ಪೌಚಿನಲ್ಲಿ ಸಾಮಾನ್ಯವಾಗಿ 60ರಿಂದ 80 ಇರುತ್ತದೆ, ಹಾಗಾಗಿ ಪೌಚ್ ಮಾತ್ರವಾದರೆ ಮೂರು. ಖರ್ಚು ಉಳಿಸಲು ಒಂದು ಪೌಚ್ ಜತೆಗೆ 35 ಗ್ರಾಂ ಡ್ರೈ ಫುಡ್ ಸಾಕು. ಪ್ಯಾಕೆಟ್ಟುಗಳ ಪ್ರೋಟೀನ್ ಅಂಕಿಯನ್ನು ನೇರ ಹೋಲಿಸಬೇಡಿ. ಪೌಚಿನಲ್ಲಿ ನೂರಕ್ಕೆ 80 ಭಾಗ ನೀರು. ಅದರ ಮೇಲೆ ಪ್ರೋಟೀನ್ ನೂರಕ್ಕೆ 9 ಎಂದಿದ್ದರೆ ನೀರು ಕಳೆದ ಲೆಕ್ಕದಲ್ಲಿ ನೂರಕ್ಕೆ 45. ಡ್ರೈನಲ್ಲಿ 10 ಭಾಗ ನೀರು, 32 ಎಂದರೆ ಸುಮಾರು 36.

ಪ್ರಶ್ನೆ: ಮಳೆಗಾಲದಲ್ಲಿ ತೆರೆದ ಡಬ್ಬಿ ಎಷ್ಟು ಹೊತ್ತು ಇಡಬಹುದು? ಇರುವೆ ಕಾಟಕ್ಕೆ ಏನು ಮಾಡಲಿ?
(ಓದುಗರು, ಕೊಪ್ಪ)

ಉತ್ತರ: ತಟ್ಟೆಗೆ ಹಾಕಿದ್ದು ಎರಡು ಗಂಟೆ, ಬೇಸಿಗೆಯಲ್ಲಿ ಒಂದೇ ಗಂಟೆ. ಉಳಿದದ್ದನ್ನು ಮುಚ್ಚಳದ ಗಾಜಿನ ಡಬ್ಬಿಗೆ ಬದಲಿಸಿ ಫ್ರಿಜ್ಜಿನಲ್ಲಿ ಎರಡು ದಿನ. ಕರೆಂಟ್ ಗಂಟೆಗಟ್ಟಲೆ ಹೋಗುವ ಊರಿನಲ್ಲಿ ದೊಡ್ಡ ಡಬ್ಬಿಗಿಂತ ಸಣ್ಣ ಪೌಚ್ ಲೇಸು. ಇರುವೆಗೆ, ಅಗಲ ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ ಅದರ ನಡುವೆ ಊಟದ ತಟ್ಟೆ ಇಡಿ. ಇರುವೆ ಸೀಮೆಸುಣ್ಣ ಗೀಚಬೇಡಿ, ಬೆಕ್ಕು ಅದರ ಮೇಲೆ ನಡೆದು ಪಾದ ನೆಕ್ಕುತ್ತದೆ.